ರೇಷ್ಮೆ ಹುಳುವಿನ ಬೆಳವಣಿಗೆಯ ವ್ಯತ್ಯಾಸಗಳು: ತಳಿಗುಣವೋ, ಸಾಕಣೆಯ ದೋಷವೋ?



ಹೊನ್ನೆಮರಡು ಶರಾವತಿಯ ಹಿನ್ನೀರಿನ ದಂಡೆಯಲ್ಲಿರುವ ಊರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಕಣಿವೆಯ ಗದ್ದೆ ತೋಟಗಳು ನೀರಿನಡಿ ಸೇರಿದವು. ಉಳಿದವರಿಗೆ ದಕ್ಕಿದ್ದು ಹೆಚ್ಚಾಗಿ ಮೇಲ್ಭಾಗದ ತುಂಡು ಜಮೀನು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮುಖ್ಯ ಬೆಳೆಗಳು ಅಡಿಕೆ ಮತ್ತು ಭತ್ತ. ಅಡಿಕೆಯ ಆದಾಯ ವರ್ಷಕ್ಕೊಮ್ಮೆ ಕೈಸೇರುವಂಥದು. ಆದುದರಿಂದ ತಿಂಗಳೊಪ್ಪತ್ತಿನಲ್ಲಿ ಹಣ ತರುವ ಉಪಕಸುಬೊಂದು ಬೇಕೆಂದು ಯೋಚಿಸುವ ರೈತರು ರೇಷ್ಮೆಯ ಕಡೆಗೂ ನೋಡುವುದು ಸಹಜ. ರಾಮನಗರ, ಕೋಲಾರ ಸೀಮೆಯ ರೈತರಿಗೆ ತಲೆಮಾರುಗಳ ಅನುಭವವಿದೆ. ಮಲೆನಾಡಿನಲ್ಲಿ ಈ ಕಸುಬನ್ನು ಕೈಗೊಳ್ಳುವವರಿಗೆ ಅಂತಹ ಬೆಂಬಲವಿಲ್ಲ. ಹುಳುಮನೆಯಲ್ಲಿ ಏನಾದರೂ ವಿಪರೀತ ಕಂಡರೆ ಕೇಳಲು ಪಕ್ಕದ ಮನೆಯಲ್ಲಿ ಹಿರಿಯರಿರುವುದಿಲ್ಲ.

ವಿಪರೀತವೆಂದರೆ ಯಾವುದು? ಒಂದೇ ದಿನ ಚಾಕಿ ಕಟ್ಟಿದ ಹುಳುಗಳಲ್ಲಿ ಕೆಲವು ಮುಂದೆ ಹೋಗಿ ಕೆಲವು ಹಿಂದೆ ಉಳಿಯುವುದು. ನಾಲ್ಕು ಜ್ವರ ಮುಗಿಸಬೇಕಾದ ಹುಳುಗಳಲ್ಲಿ ಕೆಲವು ಮೂರಕ್ಕೇ ಹಣ್ಣಾಗುವುದು ಅಥವಾ ಐದನೆಯದಕ್ಕೆ ಕೂರುವುದು. ದೊಡ್ಡದಾಗಿ ಬೆಳೆದ ಹುಳು ಗೂಡು ಕಟ್ಟದೆ ತಿನ್ನುತ್ತಲೇ ಇರುವುದು. ಇಂತಹ ಸಂದರ್ಭದಲ್ಲಿ ರೈತರು ಮೊಟ್ಟೆ ಸರಿಯಿಲ್ಲ ಎನ್ನುತ್ತಾರೆ, ಮೊಟ್ಟೆ ಕೊಟ್ಟವರು ಸಾಕಣೆ ಸರಿಯಿಲ್ಲ ಎನ್ನುತ್ತಾರೆ. ವಾದ ಮುಗಿಯುವಷ್ಟರಲ್ಲಿ ಬೆಳೆಯೂ ಮುಗಿದಿರುತ್ತದೆ. ಒಂದು ಬೆಳೆ ಹೋದರೆ 25 ದಿನಗಳ ಸೊಪ್ಪು, ಕೂಲಿ ಮತ್ತು ಮೊಟ್ಟೆಯ ಹಣ ಮೂರೂ ಹೋದಂತೆ. ದೋಷ ಎಲ್ಲಿಯದೆಂದು ತಿಳಿಯದಿದ್ದರೆ ಮುಂದಿನ ಬೆಳೆಯೂ ಅದೇ ದಾರಿ ಹಿಡಿಯುತ್ತದೆ. ಇದನ್ನು ಬಿಡಿಸಿ ನೋಡಲು ಅನುವಂಶೀಯತೆಯ ಸ್ವಲ್ಪ ತಿಳಿವಳಿಕೆ ಬಹಳ ಉಪಯೋಗಕ್ಕೆ ಬರುತ್ತದೆ.

ಉತ್ಪರಿವರ್ತನೆ ಎಂದರೇನು?

ಜೀವಿಯ ಪ್ರತಿಯೊಂದು ಗುಣಕ್ಕೂ ಕಾರಣವಾದ ವಂಶವಾಹಿಗಳು ವರ್ಣತಂತುಗಳ ಮೇಲೆ ಸಾಲಾಗಿ ಇರುತ್ತವೆ. ಹಿಪ್ಪುನೇರಳೆ ರೇಷ್ಮೆ ಹುಳುವಿನಲ್ಲಿ 28 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯಿಂದ, ಒಂದು ತಂದೆಯಿಂದ ಬಂದದ್ದು. ವಂಶವಾಹಿಯಲ್ಲಿ ಆಕಸ್ಮಿಕವಾಗಿ ಉಂಟಾಗಿ, ಮುಂದಿನ ಪೀಳಿಗೆಗೂ ಸಾಗುವ ಬದಲಾವಣೆಗೆ ಉತ್ಪರಿವರ್ತನೆ ಎಂದು ಹೆಸರು.

ಅಡಿಕೆ ಬೆಳೆಗಾರರಿಗೆ ಇದಕ್ಕೆ ಹತ್ತಿರದ ಉದಾಹರಣೆ ಹಿರೇಹಳ್ಳಿ ಗಿಡ್ಡ ತಳಿ. ತುಮಕೂರು ಜಿಲ್ಲೆಯ ಹಿರೇಹಳ್ಳಿಯಲ್ಲಿ ದೊರೆತ ಈ ಕುಳ್ಳು ಮರ ಪ್ರಕೃತಿಯಲ್ಲಿ ತಾನಾಗಿ ಉಂಟಾದ ಉತ್ಪರಿವರ್ತನೆಯ ಫಲ. ಅದರ ಅಡಿಕೆಯ ಗುಣಮಟ್ಟ ಉತ್ತಮವಾದುದಲ್ಲ. ಆದರೆ ಕುಳ್ಳುತನ ಎಂಬ ಒಂದು ಗುಣಕ್ಕಾಗಿ ವಿಟ್ಲದ ಸಂಶೋಧಕರು ಅದನ್ನು ಸುಮಂಗಳ ಮತ್ತು ಮೋಹಿತನಗರ ತಳಿಗಳೊಡನೆ ಸಂಕರಿಸಿ ಎರಡು ಗಿಡ್ಡ ಮಿಶ್ರತಳಿಗಳನ್ನು ಪಡೆದರು. ಉತ್ಪರಿವರ್ತನೆ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅದು ಯಾವ ಗುಣದ ಮೇಲೆ ಪರಿಣಾಮ ಬೀರಿತು, ಆ ಗುಣ ಯಾರಿಗೆ ಬೇಕು ಎಂಬುದು ಮುಖ್ಯ.

ವಂಶವಾಹಿಗಳಲ್ಲಿ ಕೆಲವು ಪ್ರಬಲ, ಕೆಲವು ದುರ್ಬಲ. ಪ್ರಬಲವಾದುದು ಒಂದೇ ಪ್ರತಿ ಇದ್ದರೂ ಹೊರಗೆ ಕಾಣುತ್ತದೆ. ದುರ್ಬಲವಾದುದು ಕಾಣಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ಬರಬೇಕು. ಒಂದೇ ಕಡೆಯಿಂದ ಬಂದರೆ ಹುಳು ನೋಡಲು ಸರಿಯಾಗಿಯೇ ಇದ್ದು, ದೋಷವನ್ನು ಒಳಗೆ ಬಚ್ಚಿಟ್ಟುಕೊಂಡು ಮುಂದಿನ ಪೀಳಿಗೆಗೆ ಸಾಗಿಸುತ್ತದೆ.

ಮೆಂಡೆಲನು ಬಟಾಣಿ ಗಿಡದಲ್ಲಿ ಕಂಡ ಈ ನಿಯಮ ರೇಷ್ಮೆ ಹುಳುವಿಗೂ ಅನ್ವಯಿಸುತ್ತದೆಂದು ತೋರಿಸಿದವರು ಜಪಾನಿನ ತೊಯಾಮ ಕಮೆತಾರೊ. ಜಪಾನ್ ಮತ್ತು ಸಯಾಂ ದೇಶಗಳಲ್ಲಿ ತಳಿಗಳನ್ನು ಸಂಕರಿಸಿ ಅವರು ಕಂಡುಕೊಂಡ ಫಲಿತಾಂಶಗಳು 1906ರಲ್ಲಿ ಪ್ರಕಟವಾದವು. ಗೂಡಿನ ಬಣ್ಣ, ಹುಳುವಿನ ಮೈಮೇಲಿನ ಗುರುತು ಮುಂತಾದವು ಲೆಕ್ಕಾಚಾರಕ್ಕೆ ಸಿಕ್ಕುವಂತೆ ಪೀಳಿಗೆಯಿಂದ ಪೀಳಿಗೆಗೆ ಇಳಿಯುವುದನ್ನು ಅವರು ತೋರಿಸಿಕೊಟ್ಟರು.

ಹುಳುವಿನ ದೇಹದ ನಕ್ಷೆ

ಒಂದು ಹಣ್ಣು ಹುಳುವನ್ನು ಅಂಗೈಮೇಲೆ ಇಟ್ಟು ನೋಡಿರಿ. ಎದೆಯ ಭಾಗದಲ್ಲಿ 3 ಜೊತೆ ಚೂಪಾದ ಕಾಲುಗಳಿವೆ. ಹೊಟ್ಟೆಯ 3ರಿಂದ 6ನೆಯ ಖಂಡದವರೆಗೆ 4 ಜೊತೆ ಮಾಂಸಲವಾದ ಕಾಲುಗಳು, ಕೊನೆಯಲ್ಲಿ ಒಂದು ಜೊತೆ. ಗುರುತುಳ್ಳ ತಳಿಯಾದರೆ ಹೊಟ್ಟೆಯ 2ನೆಯ ಖಂಡದ ಮೇಲೆ ಅರ್ಧಚಂದ್ರದಂತಹ ಜೋಡಿ ಗುರುತು, 5ನೆಯದರ ಮೇಲೆ ಚುಕ್ಕೆ ಇರುತ್ತದೆ. ಯಾವ ಖಂಡದಲ್ಲಿ ಕಾಲು ಬರಬೇಕು, ಯಾವುದರಲ್ಲಿ ಬರಬಾರದು ಎಂಬ ನಕ್ಷೆ ಮೊಟ್ಟೆಯೊಳಗೆ ಭ್ರೂಣ ರೂಪುಗೊಳ್ಳುವಾಗಲೇ ತೀರ್ಮಾನವಾಗುತ್ತದೆ.

ಈ ನಕ್ಷೆಯನ್ನು ಕೆಡಿಸುವ ಉತ್ಪರಿವರ್ತನೆಗಳ ಒಂದು ಗುಂಪನ್ನು ಜಪಾನಿನ ವಿಜ್ಞಾನಿಗಳು 6ನೆಯ ವರ್ಣತಂತುವಿನಲ್ಲಿ ಗುರುತಿಸಿ ‘ಇ’ ಗುಂಪು ಎಂದು ಕರೆದರು. ಇದರಲ್ಲಿ ಒಂದು ಪ್ರತಿ ಮಾತ್ರ ಕೆಟ್ಟಿದ್ದರೆ ಹುಳು ಬದುಕುತ್ತದೆ. ಅರ್ಧಚಂದ್ರದ ಗುರುತು ಒಂದು ಖಂಡದ ಬದಲು ಹಲವು ಖಂಡಗಳಲ್ಲಿ ಕಾಣುತ್ತದೆ. ಎರಡೂ ಪ್ರತಿ ಕೆಟ್ಟಿದ್ದರೆ ಮೊಟ್ಟೆಯೊಳಗೇ ಸಾಯುತ್ತದೆ. ಸತ್ತ ಭ್ರೂಣಗಳನ್ನು ಬಿಡಿಸಿ ನೋಡಿದಾಗ ಒಂದು ಬಗೆಯಲ್ಲಿ ಹೊಟ್ಟೆಯ ಕಾಲುಗಳೇ ಇರಲಿಲ್ಲ. ಇನ್ನೊಂದು ಬಗೆಯಲ್ಲಿ ಹೊಟ್ಟೆಯ ಖಂಡಗಳಲ್ಲೆಲ್ಲ ಎದೆಯ ಕಾಲುಗಳಂತಹ ಕಾಲುಗಳು ಮೂಡಿದ್ದವು. ಹೊಟ್ಟೆಯು ತಾನು ಎದೆಯೆಂದು ತಿಳಿದು ಬೆಳೆದಂತೆ ಇದು.

ಹಣ್ಣಿನ ನೊಣದಲ್ಲಿ ಇಂತಹವೇ ವಂಶವಾಹಿಗಳನ್ನು ಅಧ್ಯಯನ ಮಾಡಿದ ಅಮೆರಿಕದ ಎಡ್ವರ್ಡ್ ಲೂಯಿಸ್ ಅವರು 1995ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ರೇಷ್ಮೆ ಹುಳುವಿನ ‘ಇ’ ಗುಂಪೂ ಅದೇ ಕುಟುಂಬಕ್ಕೆ ಸೇರಿದ್ದು ಎಂಬುದು 1992ರ ಹೊತ್ತಿಗೆ ಖಚಿತವಾಯಿತು. ಇದೇ ಕುಟುಂಬದ ವಂಶವಾಹಿಗಳು ದನಕರುಗಳಲ್ಲಿಯೂ ಮನುಷ್ಯರಲ್ಲಿಯೂ ಇವೆ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಇಂತಹ ದೋಷವನ್ನು ಒಂದೊಂದು ಪ್ರತಿ ಹೊತ್ತ ಗಂಡು ಹೆಣ್ಣು ಕೂಡಿ 400 ಮೊಟ್ಟೆ ಇಟ್ಟವೆಂದು ಇಟ್ಟುಕೊಳ್ಳಿರಿ. ಸುಮಾರು 100 ಮೊಟ್ಟೆ ಒಡೆಯುವುದಿಲ್ಲ. ಒಡೆದ 300ರಲ್ಲಿ ಸುಮಾರು 200 ಹುಳುಗಳ ಮೇಲೆ ಹೆಚ್ಚಿನ ಗುರುತುಗಳಿರುತ್ತವೆ, 100 ಸರಿಯಾಗಿರುತ್ತವೆ. ವಂಶದಿಂದ ಬಂದ ದೋಷ ಹೀಗೆ ಲೆಕ್ಕವಿಟ್ಟು ಬರುತ್ತದೆ. ರೋಗಕ್ಕೂ ಅವ್ಯವಸ್ಥೆಗೂ ಇಂತಹ ಲೆಕ್ಕ ಇರುವುದಿಲ್ಲ.

ಜ್ವರಗಳ ಲೆಕ್ಕ

ರೈತರು ಜ್ವರವೆಂದು ಕರೆಯುವುದು ಹುಳು ಪೊರೆ ಬಿಡುವ ಕಾಲವನ್ನು. ಸಾಕುವ ತಳಿಗಳಿಗೆ ಸಾಮಾನ್ಯವಾಗಿ 4 ಜ್ವರ, 5 ಹಂತ. ಆದರೆ 3 ಜ್ವರದ ಮತ್ತು 5 ಜ್ವರದ ವಂಶಗಳೂ ಇವೆ. ಇವು ಮೂರೂ ಒಂದೇ ವಂಶವಾಹಿಯ ಬೇರೆ ಬೇರೆ ರೂಪಗಳಿಂದ ಬರುತ್ತವೆ. 3 ಜ್ವರದ ಗುಣ 4ರ ಮೇಲೆ ಪ್ರಬಲ, 4 ಜ್ವರದ ಗುಣ 5ರ ಮೇಲೆ ಪ್ರಬಲ. ಇದೂ 6ನೆಯ ವರ್ಣತಂತುವಿನಲ್ಲಿ ‘ಇ’ ಗುಂಪಿನ ಸಮೀಪವೇ ಇದೆ. 2021ರಲ್ಲಿ ಜಪಾನಿನ ವಿಜ್ಞಾನಿಗಳು ಜ್ವರಗಳ ಸಂಖ್ಯೆಯನ್ನು ನಿರ್ಧರಿಸುವ ಈ ವಂಶವಾಹಿಯೂ ದೇಹದ ನಕ್ಷೆ ಬರೆಯುವ ಕುಟುಂಬದ್ದೇ ಎಂದು ತೋರಿಸಿದರು.

ಜ್ವರದ ಹಿಂದಿನ ಯಂತ್ರವನ್ನು ತಿಳಿಯುವುದು ಕಷ್ಟವಲ್ಲ. ಹುಳುವಿನ ಮಿದುಳಿನ ಹಿಂದೆ ಇರುವ ಒಂದು ಜೊತೆ ಸಣ್ಣ ಗ್ರಂಥಿಗಳು ಎಳೆತನದ ಹಾರ್ಮೋನನ್ನು ಸ್ರವಿಸುತ್ತವೆ. ಪೊರೆ ಬಿಡಿಸುವ ಹಾರ್ಮೋನು ಬೇರೆ. ಎಳೆತನದ ಹಾರ್ಮೋನು ರಕ್ತದಲ್ಲಿ ಇರುವವರೆಗೆ ಹುಳು ಪೊರೆ ಬಿಟ್ಟು ಮತ್ತೆ ಹುಳುವೇ ಆಗುತ್ತದೆ. ಕೊನೆಯ ಹಂತದಲ್ಲಿ ಅದು ಇಳಿದಾಗ ಹುಳು ಹಣ್ಣಾಗಿ ಗೂಡು ಕಟ್ಟಿ ಕೋಶವಾಗುತ್ತದೆ. ಈ ಹಾರ್ಮೋನನ್ನು ಪೂರ್ಣವಾಗಿ ತಯಾರಿಸಲಾರದ ಒಂದು ಉತ್ಪರಿವರ್ತಿತ ವಂಶವಿದೆ. ಅದರ ಹುಳುಗಳು 4 ಜ್ವರ ಮುಗಿಯುವ ಮೊದಲೇ ಪುಟ್ಟ ಗೂಡು ಕಟ್ಟಿಬಿಡುತ್ತವೆ. ಹಾರ್ಮೋನಿನ ತಯಾರಿಕೆಯ ಒಂದು ಕಿಣ್ವ ಕೆಟ್ಟಿರುವುದೇ ಕಾರಣವೆಂದು 2012ರಲ್ಲಿ ತಿಳಿದುಬಂತು.

ಇದೇ ಯಂತ್ರವನ್ನು ಹೊರಗಿನಿಂದಲೂ ಅಲುಗಾಡಿಸಬಹುದು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಹೊರತಂದ ‘ಸಂಪೂರ್ಣ’ ಎಂಬ ಸಸ್ಯಮೂಲದ ಔಷಧಿಯನ್ನು ಹುಳು ಹಣ್ಣಾಗಲು ಆರಂಭಿಸಿದಾಗ ಸೊಪ್ಪಿನ ಮೇಲೆ ಕೊಟ್ಟರೆ ಎಲ್ಲ ಹುಳುಗಳೂ ಹೆಚ್ಚುಕಡಮೆ ಒಟ್ಟಿಗೆ ಹಣ್ಣಾಗುತ್ತವೆ. ಅದು ಪೊರೆ ಬಿಡಿಸುವ ಹಾರ್ಮೋನಿನಂತೆ ಕೆಲಸ ಮಾಡುತ್ತದೆ. ಇದಕ್ಕೆ ವಿರುದ್ಧವಾಗಿ ಪೈರಿಪ್ರಾಕ್ಸಿಫೆನ್‌ನಂತಹ ಕೆಲವು ಕೀಟನಾಶಕಗಳು ಎಳೆತನದ ಹಾರ್ಮೋನನ್ನು ಅನುಕರಿಸುತ್ತವೆ. ಅವುಗಳ ಅಂಶ ಸೊಪ್ಪಿನಲ್ಲಿ ಇದ್ದರೆ ಹುಳು ಸಾಯುವುದಿಲ್ಲ. ದೊಡ್ಡದಾಗಿ ಬೆಳೆದು ಗೂಡು ಕಟ್ಟದೆ ಉಳಿಯುತ್ತದೆ. ನೋಡುವವರಿಗೆ ಇದು ತಳಿಯ ದೋಷದಂತೆಯೇ ಕಾಣುತ್ತದೆ. ಆದರೆ ದೋಷ ಪಕ್ಕದ ಹೊಲದ ಸಿಂಪರಣೆಯಿಂದ ಬಂದದ್ದು.

ಮೊಟ್ಟೆಯ ಕಾವಿನ ಉಷ್ಣತೆ, ಬೆಳಕು ಮತ್ತು ಚಾಕಿ ಹಂತದ ಮೇವು ಇವುಗಳಿಂದಲೂ ಜ್ವರಗಳ ಸಂಖ್ಯೆಯಲ್ಲಿ ಏರುಪೇರು ಆಗುವುದುಂಟು. ಆದಕಾರಣ 3 ಜ್ವರದ ಹುಳು ಕಂಡ ಮಾತ್ರಕ್ಕೆ ಅದನ್ನು ಉತ್ಪರಿವರ್ತನೆ ಎಂದು ಹೇಳಲಾಗದು.

ಮೊಟ್ಟೆಯ ನಿದ್ರೆ

ಮೈಸೂರು ತಳಿಯ ಮೊಟ್ಟೆ ಇಟ್ಟ ಸುಮಾರು 10 ದಿನಗಳಲ್ಲಿ ಒಡೆಯುತ್ತದೆ. ದ್ವಿತಳಿಯ ಮೊಟ್ಟೆ ಹಾಗಲ್ಲ. ಭ್ರೂಣ ಸ್ವಲ್ಪ ಬೆಳೆದು ಸುಪ್ತಾವಸ್ಥೆಗೆ ಹೋಗುತ್ತದೆ. ಅದನ್ನು ತಡೆಯಲು ಬಿತ್ತನೆ ಕೋಠಿಯಲ್ಲಿ ಮೊಟ್ಟೆ ಇಟ್ಟ ಸುಮಾರು 20ರಿಂದ 24 ಗಂಟೆಗಳೊಳಗೆ 46 ಡಿಗ್ರಿ ಸೆಂಟಿಗ್ರೇಡಿನ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲವು ನಿಮಿಷ ಅದ್ದಿ ತೆಗೆಯುತ್ತಾರೆ.

ಈ ಗುಣದಲ್ಲಿ ಒಂದು ವಿಶೇಷವಿದೆ. ಮೊಟ್ಟೆ ಮಲಗಬೇಕೋ ಬೇಡವೋ ಎಂಬುದನ್ನು ಅದರೊಳಗಿನ ಭ್ರೂಣ ತೀರ್ಮಾನಿಸುವುದಿಲ್ಲ, ತಾಯಿ ತೀರ್ಮಾನಿಸುತ್ತದೆ. ತಾಯಿ ಕೋಶಾವಸ್ಥೆಯಲ್ಲಿರುವಾಗ ಅದರ ನರಗ್ರಂಥಿಯಿಂದ ಬರುವ ಹಾರ್ಮೋನು ಮೊಟ್ಟೆಗಳನ್ನು ಮಲಗಿಸುತ್ತದೆ. ಅಷ್ಟೇ ಅಲ್ಲ, ದ್ವಿತಳಿಯಲ್ಲಿ ಆ ತಾಯಿಯು ಸ್ವತಃ ಮೊಟ್ಟೆಯಾಗಿದ್ದಾಗ ಕಂಡ ಉಷ್ಣತೆ ಮತ್ತು ಬೆಳಕಿಗೂ ಇದರಲ್ಲಿ ಪಾಲಿದೆ. 25 ಡಿಗ್ರಿಯಲ್ಲಿ ಬೆಳಕಿನಲ್ಲಿ ಕಾವು ಪಡೆದವಳು ಮಲಗುವ ಮೊಟ್ಟೆಗಳನ್ನು ಇಡುತ್ತಾಳೆ; 15 ಡಿಗ್ರಿಯ ಕತ್ತಲೆಯಲ್ಲಿ ಕಾವು ಪಡೆದವಳು ಮಲಗದ ಮೊಟ್ಟೆಗಳನ್ನು ಇಡುತ್ತಾಳೆ. ಮಿಶ್ರತಳಿ ತಯಾರಿಸುವಾಗ ಮೈಸೂರು ತಳಿಯನ್ನು ತಾಯಿಯಾಗಿಯೂ ದ್ವಿತಳಿಯನ್ನು ತಂದೆಯಾಗಿಯೂ ಇಡುವುದಕ್ಕೆ ಇದೊಂದು ಮುಖ್ಯ ಕಾರಣ. ತಾಯಿ ಮೈಸೂರಿನವಳಾದ್ದರಿಂದ ಮೊಟ್ಟೆಗಳಿಗೆ ಆಮ್ಲದ ಉಪಚಾರ ಬೇಕಾಗುವುದಿಲ್ಲ.

ಮಿಶ್ರತಳಿಯ ರಕ್ಷಣೆ

ಮೈಸೂರು ತಳಿ ಗಟ್ಟಿಯಾದುದು, ಆದರೆ ಗೂಡು ಚಿಕ್ಕದು. ಹಸಿರು ಮಿಶ್ರಿತ ಹಳದಿ ಬಣ್ಣ, ಎಳೆಯ ಉದ್ದ ಸುಮಾರು 350ರಿಂದ 400 ಮೀಟರು. ಮೈಸೂರಿನ ಸಂಸ್ಥೆಯಲ್ಲಿ 1990ರ ದಶಕದಲ್ಲಿ ರೂಪುಗೊಂಡ ಸಿ.ಎಸ್.ಆರ್. 2 ಮತ್ತು ಸಿ.ಎಸ್.ಆರ್. 4ರ ದ್ವಿತಳಿ ಸಂಕರದ ಬಿಳಿ ಗೂಡಿನಿಂದ ಸುಮಾರು 1000 ಮೀಟರು ಎಳೆ ಬರುತ್ತದೆ. ಮೈಸೂರು ಮತ್ತು ದ್ವಿತಳಿಯ ಸಂಕರ ಇವೆರಡರ ನಡುವಿನದು.

ಮಿಶ್ರತಳಿಗೆ ಇಳುವರಿಯ ಜೊತೆಗೆ ಇನ್ನೊಂದು ಲಾಭವಿದೆ. ಮೈಸೂರು ತಳಿಯಲ್ಲಿ ಅಡಗಿರುವ ದುರ್ಬಲ ದೋಷ ಬೇರೆ, ದ್ವಿತಳಿಯಲ್ಲಿ ಅಡಗಿರುವುದು ಬೇರೆ. ಎರಡೂ ಕಡೆಯಿಂದ ಒಂದೇ ದೋಷ ಬರುವ ಸಂಭವ ಬಹಳ ಕಡಮೆ. ಹೀಗಾಗಿ ಮೊದಲ ಪೀಳಿಗೆಯಲ್ಲಿ ಒಂದು ತಳಿಯ ಕೊರತೆಯನ್ನು ಇನ್ನೊಂದು ತಳಿಯ ಒಳ್ಳೆಯ ಪ್ರತಿ ಮುಚ್ಚಿಕೊಳ್ಳುತ್ತದೆ. ಹುಳುಗಳು ಸಮನಾಗಿ ಬೆಳೆಯುತ್ತವೆ.

ಆದರೆ ಆ ಬೆಳೆಯ ಗೂಡುಗಳಲ್ಲೇ ಒಳ್ಳೆಯವನ್ನು ಆರಿಸಿ ಮನೆಯಲ್ಲಿ ಪತಂಗ ಬರಿಸಿ ಮೊಟ್ಟೆ ಇಡಿಸಿದರೆ ಈ ರಕ್ಷಣೆ ಮುರಿಯುತ್ತದೆ. ಸಂಕರ ಭತ್ತದ ಬೀಜವನ್ನು ಮನೆಯಲ್ಲಿ ಉಳಿಸಿ ಬಿತ್ತಿದವರಿಗೆ ಇದು ಗೊತ್ತಿರುವ ಸಂಗತಿ. ಎರಡನೆಯ ಪೀಳಿಗೆಯಲ್ಲಿ ಅಡಗಿದ್ದ ದೋಷಗಳು ನಾಲ್ಕರಲ್ಲಿ ಒಂದರಂತೆ ಹೊರಬರುತ್ತವೆ. ಗೂಡು ಹಳದಿ, ತಿಳಿಹಳದಿ, ಬಿಳಿ ಎಂದು ಬೇರೆಯಾಗುತ್ತದೆ. ಕೆಲವು ಹುಳು ಹಣ್ಣಾದಾಗ ಕೆಲವು ಇನ್ನೂ ಸೊಪ್ಪು ತಿನ್ನುತ್ತಿರುತ್ತವೆ. ಚಂದ್ರಿಕೆಗೆ ಮೂರು ಸಲ ಹುಳು ಬಿಡಬೇಕಾಗುತ್ತದೆ. ಮೊಟ್ಟೆಗಳಲ್ಲಿ ಕೆಲವು ಮಲಗಿಬಿಡುವ ಸಂಭವವೂ ಉಂಟು. ಇಂತಹ ಬೆರಕೆ ಗೂಡಿಗೆ ಮಾರುಕಟ್ಟೆಯಲ್ಲಿ ಬೆಲೆ ಸಿಗದು. ಕರ್ನಾಟಕದಲ್ಲಿ ರೇಷ್ಮೆ ಬಿತ್ತನೆಯ ಉತ್ಪಾದನೆಯನ್ನು 1959ರ ಕಾಯಿದೆ ನಿಯಂತ್ರಿಸುತ್ತದೆ. ಆ ಕಾಯಿದೆಯ ಹಿಂದೆ ಇರುವುದು ಈ ವಿಜ್ಞಾನವೇ.

ದೋಷ ಎಲ್ಲಿಯದೆಂದು ಪತ್ತೆ ಮಾಡುವ ಕ್ರಮ

ಮೇಲಿನ ವಿವರಣೆಯಿಂದ ಒಂದು ತೀರ್ಮಾನ ಸಹಜವಾಗಿ ಹೊರಡುತ್ತದೆ. ಅಧಿಕೃತ ಬಿತ್ತನೆ ಕೋಠಿಯಿಂದ ತಂದ ಮಿಶ್ರತಳಿಯ ಬೆಳೆಯಲ್ಲಿ ಹುಳುಗಳು ಗುಂಪುಗುಂಪಾಗಿ ಏರುಪೇರಾದರೆ, ಉತ್ಪರಿವರ್ತನೆಯನ್ನು ಕೊನೆಗೆ ಸಂಶಯಿಸಬೇಕು. ಕಾವು, ಚಾಕಿ, ಸೊಪ್ಪು, ರೋಗ, ವಿಷ ಇವನ್ನು ಮೊದಲು ನೋಡಬೇಕು. ಹಾಗೆಂದು ಬಿತ್ತನೆಯ ದೋಷ ಇರುವುದೇ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಪರೀಕ್ಷೆ ಹೀಗೆ ನಡೆಯಲಿ.

ಒಂದು: ಪ್ರತಿ ಬೆಳೆಯಲ್ಲೂ ನಾಲ್ಕೈದು ಪತಂಗಗಳ ಮೊಟ್ಟೆಗಳನ್ನು, ಒಂದು ಪತಂಗದ್ದು ಇನ್ನೊಂದರೊಡನೆ ಬೆರೆಯದಂತೆ, ಬೇರೆ ಬೇರೆ ಸಣ್ಣ ತಟ್ಟೆಗಳಲ್ಲಿ ಸಾಕಿರಿ. ವಿಪರೀತವು ಒಂದೇ ತಟ್ಟೆಯಲ್ಲಿ ಕಂಡು ಉಳಿದವು ಚೆನ್ನಾಗಿದ್ದರೆ ತಂದೆ ತಾಯಿಯ ಕಡೆಯಿಂದ ಬಂದಿರುವ ಸಂಶಯಕ್ಕೆ ಆಧಾರವುಂಟು. ಎಲ್ಲ ತಟ್ಟೆಗಳಲ್ಲೂ ಚೆದುರಿದ್ದರೆ ಕಾರಣ ಮನೆಯಲ್ಲಿದೆ ಅಥವಾ ಸೊಪ್ಪಿನಲ್ಲಿದೆ.

ಎರಡು: ಎಣಿಸಿರಿ. ಒಂದು ಪತಂಗದ ಹುಳುಗಳಲ್ಲಿ ಕಾಲುಭಾಗ ಅಥವಾ ಅರ್ಧಭಾಗಕ್ಕೆ ಹತ್ತಿರ ವಿಪರೀತವಿದ್ದು ಆ ಸಂಖ್ಯೆ ದಿನದಿನಕ್ಕೆ ಏರದಿದ್ದರೆ ಅದು ವಂಶದ ಲಕ್ಷಣ. ಇಂದು 10, ನಾಳೆ 40, ನಾಡಿದ್ದು 100 ಎಂದು ಏರಿದರೆ ಅದು ರೋಗ.

ಮೂರು: ಹುಳುಗಳು ಬೇರೆ ಬೇರೆ ಗಾತ್ರಕ್ಕೆ ಬೆಳೆದರೆ ಗಂಟುರೋಗವಿದೆಯೇ ಎಂದು ಸೂಕ್ಷ್ಮದರ್ಶಕದ ಪರೀಕ್ಷೆ ಮಾಡಿಸಿರಿ. ಈ ರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ. ಆದರೂ ಅದು ಅನುವಂಶಿಕವಲ್ಲ. ಒಂದು ಪರೋಪಜೀವಿಯಿಂದ ಬರುವಂಥದು. ಫ್ರಾನ್ಸಿನ ಲೂಯಿ ಪಾಶ್ಚರ್ 1865ರಿಂದ 1870ರ ನಡುವೆ ತಾಯಿ ಪತಂಗವನ್ನು ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆಗಳನ್ನು ಮಾತ್ರ ಇಟ್ಟುಕೊಳ್ಳುವ ವಿಧಾನವನ್ನು ರೂಪಿಸಿದರು. ‘ರೋಗರಹಿತ ಮೊಟ್ಟೆ’ ಎಂಬ ಹೆಸರು ಬಂದದ್ದು ಅಲ್ಲಿಂದ.

ನಾಲ್ಕು: ಮೊಟ್ಟೆ ಒಡೆಯುವುದು ಎರಡು ಮೂರು ದಿನ ಎಳೆದಿದ್ದರೆ ಹುಳುಗಳ ಗಾತ್ರ ಮೊದಲ ದಿನದಿಂದಲೇ ಬೇರೆಯಾಗುತ್ತದೆ. ಮೊಟ್ಟೆಯಲ್ಲಿ ತಲೆಯ ಕಪ್ಪು ಚುಕ್ಕೆ ಕಂಡ ಮೇಲೆ ಕಪ್ಪು ಕಾಗದದಲ್ಲಿ ಸುತ್ತಿಟ್ಟು, ಒಡೆಯುವ ದಿನ ಬೆಳಗ್ಗೆ ಬೆಳಕಿಗೆ ತೆರೆದರೆ ಎಲ್ಲವೂ ಒಟ್ಟಿಗೆ ಒಡೆಯುತ್ತವೆ. ಇದನ್ನು ಬಿಟ್ಟಿದ್ದರೆ ತಳಿಯನ್ನು ದೂರುವುದು ಸಲ್ಲದು.

ಐದು: ಸೊಪ್ಪು ಯಾವ ದಿನ ಯಾವ ಸಾಲಿನಿಂದ ಬಂತು, ಸುತ್ತಮುತ್ತ ಯಾರು ಯಾವ ಔಷಧಿ ಹೊಡೆದರು, ಮನೆಯ ಉಷ್ಣತೆ ಎಷ್ಟಿತ್ತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಬಿತ್ತನೆಯ ಬಗ್ಗೆ ದೂರು ಕೊಡುವವರ ಕೈಯಲ್ಲಿ ಈ ಪುಸ್ತಕ, ಮೊಟ್ಟೆ ಹಾಳೆ ಮತ್ತು ಬೇರೆಯಾಗಿ ಸಾಕಿದ ತಟ್ಟೆಯ ಎಣಿಕೆ ಇದ್ದರೆ ಆ ದೂರಿಗೆ ತೂಕ ಬರುತ್ತದೆ.

ಮಲೆನಾಡಿನ ರೈತರು ಗಮನಿಸಬೇಕಾದ ಅಂಶಗಳು

ಹಿನ್ನೀರಿನ ಸುತ್ತಲ ಕಾಡಿನಲ್ಲಿ ಮತ್ತಿ ಮರಗಳಿವೆ. ಮತ್ತಿಯ ಎಲೆ ತಿಂದು ಗಟ್ಟಿ ಗೂಡು ಕಟ್ಟುವ ಟಸರ್ ಜಾತಿಯ ಕಾಡು ರೇಷ್ಮೆ ಪಶ್ಚಿಮ ಘಟ್ಟಕ್ಕೆ ಹೊಸದಲ್ಲ. ಮಳೆ ತಡೆಯುವ ಆ ಹುಳುವನ್ನು ಸಾಕುವ ಹುಳುವಿನೊಡನೆ ಸಂಕರಿಸಬಾರದೇ ಎಂಬ ಪ್ರಶ್ನೆ ಏಳುವುದುಂಟು. ಅದು ಸಾಧ್ಯವಿಲ್ಲ. ಟಸರ್ ಹುಳು ಬೇರೆ ಕುಟುಂಬದ್ದು. ಅದಕ್ಕೆ 31 ಜೊತೆ ವರ್ಣತಂತುಗಳಿವೆ. ಮಲೆನಾಡಿಗೆ ಒಗ್ಗುವ ಗುಣವನ್ನು ಸಾಕುವ ಹುಳುವಿನ ತಳಿಗಳಲ್ಲೇ ಹುಡುಕಬೇಕು. ತಮಿಳುನಾಡಿನ ಹೊಸೂರಿನಲ್ಲಿರುವ ಕೇಂದ್ರೀಯ ರೇಷ್ಮೆ ತಳಿ ಸಂಪನ್ಮೂಲ ಕೇಂದ್ರದಲ್ಲಿ ನೂರಾರು ತಳಿಗಳನ್ನು, ಉತ್ಪರಿವರ್ತಿತ ವಂಶಗಳನ್ನೂ ಸೇರಿಸಿ, ಪೀಳಿಗೆಯಿಂದ ಪೀಳಿಗೆಗೆ ಕಾಪಾಡಿಕೊಂಡು ಬರಲಾಗುತ್ತಿದೆ. ಇಂದು ವಿಚಿತ್ರವೆನಿಸುವ ಹುಳುವೂ ನಾಳೆ ಒಂದು ಗುಣಕ್ಕಾಗಿ ಬೇಕಾಗಬಹುದು ಎಂಬುದೇ ಇದರ ಉದ್ದೇಶ. ಹಿರೇಹಳ್ಳಿಯ ಕುಳ್ಳು ಅಡಿಕೆಗೆ ಆದದ್ದೂ ಇದೇ.

ಮಳೆಗಾಲದ ತೇವಕ್ಕೆ ಸುಣ್ಣಕಟ್ಟು ರೋಗ ಬೇಗ ಹರಡುತ್ತದೆ. ಹುಳುಮನೆಯನ್ನು ಒಣಗಿಸಿ ಇಡಲಾಗದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಳು ಸಾಕದಿರುವುದು ಲೇಸು. ಚಾಕಿ ಹುಳುವಿಗೆ 27ರಿಂದ 28 ಡಿಗ್ರಿ ಶಾಖ ಮತ್ತು ಶೇಕಡ 85ರಿಂದ 90 ತೇವಾಂಶ ಬೇಕು. ದೊಡ್ಡ ಹುಳುವಿಗೆ 24ರಿಂದ 25 ಡಿಗ್ರಿ ಮತ್ತು ಶೇಕಡ 70 ಸಾಕು. ಜ್ವರದ ಕಾಲದಲ್ಲಿ ಹಾಸಿಗೆ ಒಣಗಿರಲಿ. ಎಲ್ಲ ಹುಳು ಜ್ವರದಿಂದ ಏಳುವವರೆಗೆ ಸೊಪ್ಪು ಕೊಡಬೇಡಿರಿ. ಮೊದಲು ಎದ್ದವುಗಳಿಗೆ ಆತುರದಿಂದ ಕೊಟ್ಟ ಸೊಪ್ಪೇ ಮುಂದಿನ ಏರುಪೇರಿಗೆ ಮೂಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ತೋಟದ ಅಂಚಿನಲ್ಲಿ ಹಿಪ್ಪುನೇರಳೆ ಹಾಕದಿರಿ. ಮಲೆನಾಡಿನ ಮಣ್ಣು ಹುಳಿ. ಹಿಪ್ಪುನೇರಳೆಗೆ ರಸಸಾರ 6.2ರಿಂದ 6.8 ಇದ್ದರೆ ಚೆನ್ನ. ಮಣ್ಣು ಪರೀಕ್ಷೆ ಮಾಡಿಸಿ, ಶಿಫಾರಸಿನಂತೆ ಸುಣ್ಣ ಹಾಕಿ, ನೀರು ಬಸಿದುಹೋಗುವ ಜಾಗದಲ್ಲಿಯೇ ನೆಡಿರಿ.

ಒಟ್ಟಿನಲ್ಲಿ ಹೇಳುವುದಾದರೆ, ಹುಳುವಿನ ಕಾಲುಗಳ ಸ್ಥಾನ, ಜ್ವರಗಳ ಸಂಖ್ಯೆ, ಮೊಟ್ಟೆಯ ನಿದ್ರೆ ಇವೆಲ್ಲ ವಂಶದ ಹಿಡಿತದಲ್ಲಿವೆ. ಆ ಹಿಡಿತದೊಳಗೆ ಹುಳು ಎಷ್ಟು ಸಮನಾಗಿ ಬೆಳೆಯುತ್ತದೆ ಎಂಬುದು ಸಾಕುವವರ ಕೈಯಲ್ಲಿದೆ. ಮೊದಲ ಬೆಳೆಗೆ ಹೆಚ್ಚು ಮೊಟ್ಟೆ ತರದೆ 50 ಮೊಟ್ಟೆಯಿಂದ ಆರಂಭಿಸಿ, ಅದರಲ್ಲಿ ಐದನ್ನು ಬೇರೆ ತಟ್ಟೆಗಳಲ್ಲಿ ಸಾಕಿ, ದಿನವೂ ಎಣಿಸಿ ಬರೆದಿಡಿರಿ. ವಿಪರೀತ ಕಂಡಕೂಡಲೇ ಹುಳುಗಳನ್ನು ಎಸೆಯದೆ, ಹತ್ತಿಪ್ಪತ್ತನ್ನು ಮೊಟ್ಟೆ ಹಾಳೆಯೊಡನೆ ಸಮೀಪದ ರೇಷ್ಮೆ ಇಲಾಖೆಯ ಕಚೇರಿಗೆ ತಲುಪಿಸಿರಿ.